ಜೀಪಿನ ಹಿಂದಿನ ಹೌಸಿಂಗ್ ಬಗ್ಗಿದೆ ಅನ್ನಿಸ್ತಿದೆ, ಟ್ರಸ್ ಹಾಕಿಸಿದರೆ ಸಾಕಾ?

ಮೂಡಿಗೆರೆ ಜೀಪು

ಎಲ್ಲರಿಗೂ ನಮಸ್ಕಾರ. ನಮ್ಮದು ತೋಟದ ಹಳೇ ಜೀಪು, ಫೋರ್ ವೀಲ್. ಹಿಂದೆ ಮುಂದೆ ಲೀಫ್ ಸ್ಪ್ರಿಂಗ್. ಹೌಸಿಂಗ್, ಅಂದರೆ ಆಕ್ಸಲ್ ಶಾಫ್ಟು, ಗೇರು ಎಲ್ಲ ಒಳಗಿರುವ ಗಟ್ಟಿ ಕೊಳವೆ, ಒಂದೇ ತುಂಡಿನ ಬಾಂಜೋ ಥರದ್ದಲ್ಲ, ನಡುವೆ ಎರಕದ ಗುಂಡು, ಅದರ ಎರಡೂ ಕಡೆ ಪೈಪು ಒತ್ತಿ ಕೂರಿಸಿರುವಂಥದ್ದು. ಹೋದ ವರ್ಷ ದೊಡ್ಡ ಮಡ್ ಟೈರು, ಅದಕ್ಕೆ ತಕ್ಕ ಅಗಲದ ಡಿಸ್ಕ್ (ಟೈರು ಕೂರುವ ಕಬ್ಬಿಣದ ಚಕ್ರ) ಹಾಕಿಸಿದೆ. ಜನವರಿಯಲ್ಲಿ ಕಾಫಿ ಮೂಟೆ ಹೇರಿಕೊಂಡು ಇಳಿಜಾರಲ್ಲಿ ಬರುವಾಗ ಒಂದು ಕಿತ್ತುಹೋದ ಮೋರಿಗೆ ಹಿಂದಿನ ಎಡ ಚಕ್ರ ಧಡ್ ಅಂತ ಬಿತ್ತು. ಆಮೇಲೆ ಆ ಕಡೆ ಆಯಿಲ್ ಸೀಲ್ ಎರಡು ಸಲ ಹೋಗಿದೆ, ಟೈರು ಒಳಗಿನ ಅಂಚಲ್ಲಿ ಮಾತ್ರ ಸವೆಯುತ್ತಿದೆ.

ನಮ್ಮ ಮೇಸ್ತ್ರಿ ಹೇಳೋದು, ಹೌಸಿಂಗ್ ಮೇಲೆ ಈ ತುದಿಯಿಂದ ಆ ತುದಿಗೆ 6 ಎಂಎಂ ಪ್ಲೇಟಿನ ಟ್ರಸ್, ಅಂದರೆ ಬಗ್ಗದ ಹಾಗೆ ತಡೆಯುವ ಆಸರೆ, ವೆಲ್ಡ್ ಮಾಡಿಬಿಡೋಣ, ಬಿಚ್ಚೋದೂ ಬೇಡ, ಒಂದೇ ದಿನದ ಕೆಲಸ ಅಂತ. ಮಾಡಿಸಲಾ? ಇನ್ನೊಂದು ಅನುಮಾನ: ಭಾರ ಬಿದ್ದಾಗ ಪೈಪು ಕೆಳಗೆ ತಾನೇ ಬಗ್ಗೋದು, ಹಾಗಾದರೆ ಪ್ಲೇಟು ಕೆಳಗೆ ಇರಬೇಕಲ್ವಾ?

ಹಾಸನದ ಲೇತ್

ಮೊದಲು ಅಳೆಯಿರಿ ಸರ್. ಬಗ್ಗಿರುವ ಹೌಸಿಂಗ್ ಮೇಲೆ ಟ್ರಸ್ ಹಾಕಿದರೆ ಬಗ್ಗಿದ್ದನ್ನು ಹಾಗೇ ಗಟ್ಟಿ ಮಾಡಿದ ಹಾಗೆ. ಆಮೇಲೆ ಅದನ್ನು ನೇರ ಮಾಡೋಕೆ ಯಾವ ಪ್ರೆಸ್ಸಿಗೂ (ಒತ್ತುವ ಯಂತ್ರಕ್ಕೂ) ಆಗಲ್ಲ.

ಮನೆಯಲ್ಲೇ ನೋಡಬಹುದು. ಗಾಡಿಯನ್ನು ಸಮತಟ್ಟು ಸಿಮೆಂಟ್ ನೆಲದಲ್ಲಿ ನಿಲ್ಲಿಸಿ, ಎರಡೂ ಹಿಂದಿನ ಟೈರಿಗೆ ಒಂದೇ ಗಾಳಿ ಇರಲಿ. ಗಾರೆ ಕೆಲಸದವರ ತೂಗುಗುಂಡು ತಗೊಂಡು ಚಕ್ರದ ಪಕ್ಕ ಇಳಿಬಿಡಿ. ದಾರದಿಂದ ಡಿಸ್ಕಿನ ಮೇಲಂಚಿಗೆ ಎಷ್ಟು, ಕೆಳಂಚಿಗೆ ಎಷ್ಟು ಅಂತ ಬರೆದುಕೊಳ್ಳಿ. ಆಮೇಲೆ ಗಾಡಿಯನ್ನು ಅರ್ಧ ಸುತ್ತು ಮುಂದೆ ತಳ್ಳಿ ಮತ್ತೆ ಅಳೆಯಿರಿ. ವ್ಯತ್ಯಾಸವೂ ಸುತ್ತಿದರೆ ಬಗ್ಗಿರುವುದು ಡಿಸ್ಕ್. ಎರಡು ಸಲವೂ ಚಕ್ರದ ತಲೆ ಒಳಗೇ ವಾಲಿದ್ದರೆ ಹೌಸಿಂಗ್. ಹಿಂದಿನ ಗಟ್ಟಿ ಆಕ್ಸಲ್‌ನಲ್ಲಿ ಚಕ್ರ ನೆಟ್ಟಗೆ ನಿಂತಿರಬೇಕು, ಒಂದು ಡಿಗ್ರಿ ವಾಲಿದರೂ ಟೈರು ತಿನ್ನುತ್ತೆ. ಬೇರಿಂಗ್ ಸಡಿಲ ಇದೆಯಾ ಅಂತಲೂ ಚಕ್ರ ಎತ್ತಿ ಅಲ್ಲಾಡಿಸಿ ನೋಡಿಕೊಳ್ಳಿ.

ಬಗ್ಗಿದೆ ಅಂತ ಖಾತ್ರಿಯಾದರೆ ಪೂರ್ತಿ ಬಿಚ್ಚಲೇಬೇಕು. ಶಾಫ್ಟು, ಬೇರಿಂಗು, ಕ್ರೌನ್ ಪಿನಿಯನ್ನು ಎಲ್ಲ ಹೊರಗೆ. ಖಾಲಿ ಹೌಸಿಂಗನ್ನು ಲೇತಿನವರ ಹತ್ತಿರ ಕೊಟ್ಟರೆ ನಡುವಿನ ಬೇರಿಂಗ್ ಕೂರುವ ಜಾಗದಲ್ಲಿ ಬುಷ್ ಇಟ್ಟು, ಉದ್ದನೆಯ ನೇರ ರಾಡು ತೂರಿಸಿ, ತುದಿಗೆ ಎಷ್ಟು ಪಕ್ಕಕ್ಕೆ ಹೋಗಿದೆ ಅಂತ ತೋರಿಸುತ್ತಾರೆ. ಆಮೇಲೆ ಪ್ರೆಸ್. ನೇರವಾದ ಮೇಲೆ ಟ್ರಸ್ ಮಾತು. ಪೈಪು ಗುಂಡಿನ ಒಳಗೆ ಹೋಗುವ ಜಾಗದಲ್ಲಿ ಕಂಪನಿಯವರು ತೂತಿನಲ್ಲಿ ತುಂಬಿರುವ ವೆಲ್ಡಿಂಗ್ ಗುರುತು ಇರುತ್ತೆ. ಅಲ್ಲಿ ಬಿರುಕು ಬಿಟ್ಟಿದೆಯಾ, ಪೈಪು ತಿರುಗಿದೆಯಾ ಅಂತ ಬ್ರಷ್ ಹಾಕಿ ಉಜ್ಜಿ ನೋಡಿ. ಅದನ್ನು ಬಹಳ ಜನ ನೋಡೋದೇ ಇಲ್ಲ.

ಡೆನ್ವರ್ ಕನ್ನಡಿಗ

ಮೇಲಿನವರು ಹೇಳಿದ್ದು ಸರಿ. ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ, ಒಳ್ಳೇ ಪ್ರಶ್ನೆ ಅದು.

ನೆಲ ಚಕ್ರವನ್ನು ಮೇಲಕ್ಕೆ ನೂಕುತ್ತೆ, ಸ್ಪ್ರಿಂಗ್ ಒಳಗಡೆ ಕೆಳಕ್ಕೆ ಒತ್ತುತ್ತೆ. ಹಾಗಾಗಿ ನಡು ಜಗ್ಗಿ ತುದಿಗಳು ಏಳುತ್ತವೆ, ಚಕ್ರದ ತಲೆ ಒಳಗೆ ವಾಲುತ್ತೆ. ಪೈಪಿನ ಕೆಳಭಾಗ ಎಳೆಯಲ್ಪಡುತ್ತೆ, ಮೇಲ್ಭಾಗ ಅದುಮಿಸಿಕೊಳ್ಳುತ್ತೆ. ಬಲ ಬರುವುದು ಎತ್ತರದಿಂದ, ಮೇಲಿದ್ದರೂ ಕೆಳಗಿದ್ದರೂ ಸರಿ. ಕೆಳಗೆ ಹಾಕಿದರೆ ಕಲ್ಲಿಗೆ ಸಿಗುತ್ತೆ, ಅದಕ್ಕೇ ಎಲ್ಲರೂ ಮೇಲೆ ಹಾಕುವುದು.

ಆದರೆ ಇಲ್ಲೇ ಒಂದು ಅಪಾಯ ಇದೆ. ವೆಲ್ಡಿಂಗ್ ತಣ್ಣಗಾಗುವಾಗ ಕುಗ್ಗುತ್ತೆ. ಪೈಪಿನ ಮೇಲ್ಗಡೆ ಉದ್ದಕ್ಕೂ ವೆಲ್ಡ್ ಎಳೆದರೆ ಮೇಲ್ಭಾಗ ಚಿಕ್ಕದಾಗಿ ತುದಿಗಳು ಮೇಲೇಳುತ್ತವೆ. ಅಂದರೆ ಮೋರಿಗೆ ಬಿದ್ದಾಗ ಯಾವ ಕಡೆ ಬಗ್ಗಿತೋ ಅದೇ ಕಡೆಗೆ! ಹಾಗಾಗಿ ಒಂದು ಸಲಕ್ಕೆ ಎರಡು ಇಂಚು ಮಾತ್ರ, ಎಡಕ್ಕೊಂದು ಬಲಕ್ಕೊಂದು, ಹಿಂದಕ್ಕೊಂದು ಮುಂದಕ್ಕೊಂದು, ಕೈ ಇಡುವಷ್ಟು ಆರಿದ ಮೇಲೆ ಮುಂದಿನದು. ಹೌಸಿಂಗನ್ನು ದಪ್ಪ ಐ ಬೀಮಿಗೆ ಬಿಗಿದುಕೊಂಡೇ ಮಾಡಬೇಕು. ಎಲ್ಲ ಮುಗಿದ ಮೇಲೂ ಮತ್ತೆ ರಾಡು ತೂರಿಸಿ ನೋಡಲೇಬೇಕು. ಸ್ವಲ್ಪ ಎಳೆದಿದ್ದರೆ ಪೈಪಿನ ಕೆಳಗಡೆ ಒಂದು ಸಣ್ಣ ವೆಲ್ಡ್ ಎಳೆದು ವಾಪಸ್ ಎಳೆಸುವುದು ಇಲ್ಲಿ ಮಾಮೂಲು.

ಇಲ್ಲಿ 2007ರಿಂದ 2018ರವರೆಗೆ ಬಂದ ಜೀಪ್ ಕಂಪನಿಯ ಜೆಕೆ ರಾಂಗ್ಲರ್‌ಗಳಲ್ಲಿ ಮುಂದಿನ ಹೌಸಿಂಗ್ ಗಟ್ಟಿ ಮಾಡಿಸುವುದು ತುಂಬಾ ಸಾಮಾನ್ಯ. ಪೈಪಿನ ಒಳಗೆ ಇನ್ನೊಂದು ಪೈಪು ತೂರಿಸುತ್ತಾರೆ, ಸ್ಲೀವ್ ಅಂತ. ಹೊರಗಿನ ಪೈಪಿಗೆ ತೂತು ಕೊರೆದು ಅಲ್ಲಿಂದ ವೆಲ್ಡ್ ತುಂಬಿಸುತ್ತಾರೆ. ಚಕ್ರವನ್ನು ತಿರುಗಿಸುವ ಭಾಗವಾದ ಸ್ಟೀರಿಂಗ್ ನಕಲ್ ಕೂರುವ ಸಿ ಆಕಾರದ ತುದಿಗಳಿಗೆ ಗಸೆಟ್, ಅಂದರೆ ಆಸರೆ ಪ್ಲೇಟು, ಹಾಕುತ್ತಾರೆ. ಸ್ಲೀವಿನ ಲಾಭ ನಾನು ಲೆಕ್ಕ ಹಾಕಿ ನೋಡಿದೆ: 63.5 ಎಂಎಂ ಪೈಪು, 6 ಎಂಎಂ ದಪ್ಪ ಅಂದುಕೊಂಡರೆ, ಒಳಗೆ ಇನ್ನೊಂದು 6 ಎಂಎಂ ಸೇರಿಸಿದಾಗ ಬಗ್ಗದೆ ನಿಲ್ಲುವ ಗಟ್ಟಿತನ ಒಂದೂವರೆ ಪಟ್ಟು ಆಗುತ್ತೆ. ಅದೇ 6 ಎಂಎಂ ದಪ್ಪವನ್ನು ಹೊರಗಡೆ ಸುತ್ತ ಸೇರಿಸಿದರೆ ಸುಮಾರು 2.75 ಪಟ್ಟು. ಲೋಹ ನಡುವಿನಿಂದ ದೂರ ಹೋದಷ್ಟೂ ಜಾಸ್ತಿ ಕೆಲಸ ಮಾಡುತ್ತೆ. ಟ್ರಸ್ಸಿನ ಗುಟ್ಟೂ ಅದೇ.

ಸಕಲೇಶಪುರ ಘಾಟಿ

ಮಾರಾಯ್ರೆ, ಬಿಚ್ಚದೆ ಮಾತ್ರ ಮಾಡಿಸಬೇಡಿ. ನಾನು ಹಾಗೆ ಮಾಡಿಸಿ ಅನುಭವಿಸಿದ್ದೇನೆ. ಒಂದು ಗ್ಯಾರೇಜಿನಲ್ಲಿ ಗಾಡಿ ಅಡಿಯಲ್ಲೇ ಮಲಗಿ ಒಂದೇ ಉಸಿರಿಗೆ ಉದ್ದಕ್ಕೂ ಎಳೆದರು. ವೆಲ್ಡಿಂಗ್ ಮೆಷಿನ್ನಿನ ಅರ್ತ್ ಕ್ಲಾಂಪನ್ನು ಚಾಸಿಗೆ ಹಾಕಿದ್ದರು. ಕರೆಂಟು ಬೇರಿಂಗ್ ಮೂಲಕ ಹಾದು ಉರುಳೆಗಳ ಮೇಲೆ ಚುಕ್ಕೆ ಚುಕ್ಕೆ ಗುಳಿ ಬಿದ್ದಿತ್ತು. ಸೀಲುಗಳು ಬೆಂದುಹೋಗಿದ್ದವು. ಎರಡು ವಾರಕ್ಕೆ ಗುಂಯ್ ಅಂತ ಶಬ್ದ ಶುರುವಾಯಿತು, ಹೌಸಿಂಗ್ ಬಿಚ್ಚಿ ನೋಡಿದರೆ ಮೊದಲಿಗಿಂತ ಜಾಸ್ತಿ ಬಗ್ಗಿತ್ತು. ಆಮೇಲೆ ಹಳೇ ಹೌಸಿಂಗ್ ಹುಡುಕಿ ತಂದು ಮೊದಲಿಂದ ಮಾಡಿಸಬೇಕಾಯಿತು.

ನಡುವಿನ ಗುಂಡು ಎರಕ ಅಂದಿರಿ. ಅದಕ್ಕೆ ಮಾಮೂಲಿ ವೆಲ್ಡಿಂಗ್ ರಾಡಿನಲ್ಲಿ ಪ್ಲೇಟು ಅಂಟಿಸಿದರೆ ಪಕ್ಕದಲ್ಲೇ ಬಿರುಕು ಬಿಡುತ್ತೆ. ನಿಕಲ್ ರಾಡು ಬೇಕು, ಮೊದಲೇ ಚೆನ್ನಾಗಿ ಕಾಯಿಸಬೇಕು, ಆಮೇಲೆ ಬೂದಿಯಲ್ಲೋ ಒಣ ಮರಳಲ್ಲೋ ಹುಗಿದು ಮೆಲ್ಲಗೆ ಆರಲು ಬಿಡಬೇಕು. ಪೈಪಿನ ಭಾಗಕ್ಕೆ ಉಕ್ಕಿಗೆ ಬಳಸುವ 7018 ರಾಡು ಸಾಕು. ಆದರೆ ನಮ್ಮ ಮಲೆನಾಡಿನ ಮಳೆಯಲ್ಲಿ ಪ್ಯಾಕೆಟ್ ಒಡೆದು ಇಟ್ಟ ರಾಡು ಬೇಡವೇ ಬೇಡ, ತೇವ ಎಳೆದಿರುತ್ತೆ, ರಾಡು ಒಣಗಿಸುವ ಓವನ್ ಇರುವ ಕಡೆ ಮಾಡಿಸಿ. ಸ್ಪ್ರಿಂಗ್ ಕೂರುವ ಪ್ಯಾಡಿನ ಹತ್ತಿರ ಪೈಪಿನ ಸುತ್ತಲೂ ಬಳೆ ಥರ ವೆಲ್ಡ್ ಬರಬಾರದು. ಭಾರ ಬೀಳುವ ಜಾಗವೇ ಅದು, ಮುರಿದರೆ ಅಲ್ಲೇ ಮುರಿಯುತ್ತೆ.

ಇನ್ನೊಂದು, ನಿಮ್ಮ ಡಿಸ್ಕಿನ ಕಡೆ ಯಾರೂ ನೋಡಿಲ್ಲ. ಅಗಲದ ಡಿಸ್ಕ್ ಹಾಕಿದಾಗ ಟೈರು ಹೊರಗೆ ಹೋಯಿತು. ಸ್ಪ್ರಿಂಗ್ ಪ್ಯಾಡಿನಿಂದ ಟೈರಿನ ನಡುವಿಗೆ 15 ಸೆಂಟಿಮೀಟರ್ ಇದ್ದದ್ದು 20 ಆದರೆ ಅದೇ ಭಾರಕ್ಕೆ ಪೈಪಿನ ಮೇಲೆ ಬೀಳುವ ಬಗ್ಗಿಸುವ ಶಕ್ತಿ ಮೂರನೇ ಒಂದು ಪಾಲು ಜಾಸ್ತಿ. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಆಕ್ಸಲ್ ಚಾಸಿಗೆ ಬಡಿಯದ ಹಾಗೆ ತಡೆಯುವ ಬಂಪ್ ಸ್ಟಾಪ್ ರಬ್ಬರ್ ಇದೆಯಾ ನೋಡಿ. ಹಳೇ ಜೀಪುಗಳಲ್ಲಿ ಅದು ಉದುರಿಹೋಗಿ ಕಬ್ಬಿಣಕ್ಕೆ ಕಬ್ಬಿಣ ಹೊಡೆಯುತ್ತಿರುತ್ತೆ.

ಮೂಡಿಗೆರೆ ಜೀಪು

ಇವತ್ತು ಅಳೆದೆ. ಎಡಗಡೆ 16 ಇಂಚು ಡಿಸ್ಕಿನಲ್ಲಿ ಮೇಲೆ ಕೆಳಗೆ 9 ಎಂಎಂ ವ್ಯತ್ಯಾಸ, ಅರ್ಧ ಸುತ್ತಿಸಿದರೂ ಅಷ್ಟೇ. ಬಲಗಡೆ 1 ಎಂಎಂ. ಎಡಗಡೆಯ ಬಂಪ್ ರಬ್ಬರ್ ಇಲ್ಲವೇ ಇಲ್ಲ, ಬರೀ ಬೋಲ್ಟು ಇದೆ, ಅದರ ತಲೆ ಹೊಳೆಯುತ್ತಿದೆ.

ಮೇಸ್ತ್ರಿಗೆ ಬಿಚ್ಚಲೇಬೇಕು ಅಂತ ಹೇಳಿದ್ದೇನೆ, ಒಪ್ಪಿದ್ದಾರೆ. ಹಳೇ ಡಿಸ್ಕು ಅಟ್ಟದ ಮೇಲಿದೆ, ಅದನ್ನೇ ವಾಪಸ್ ಹಾಕಿಸುತ್ತೇನೆ. ಟ್ರಸ್ ಎಷ್ಟು ಎತ್ತರ ಇಡಿಸಲಿ?

ಹಾಸನದ ಲೇತ್

ಒಂದೂಕಾಲು ಡಿಗ್ರಿಗಿಂತ ಜಾಸ್ತಿ ಆಯಿತು, ಬಗ್ಗಿರೋದು ಖಚಿತ. ಎತ್ತರ ಸುಮ್ನೆ ಹೇಳಕ್ಕಾಗಲ್ಲ ಸರ್. ಖಾಲಿ ಹೌಸಿಂಗ್ ವಾಪಸ್ ಕೂರಿಸಿ, ಸ್ಪ್ರಿಂಗಿನ ಎಲೆ ಬಿಚ್ಚಿ ಜಾಕಿಯಲ್ಲಿ ಬಂಪ್ ಸ್ಟಾಪ್ ಮುಟ್ಟುವವರೆಗೆ ಎತ್ತಿ, ಆಮೇಲೆ ಒಂದೇ ಕಡೆ ಪೂರ್ತಿ ಎತ್ತಿ. ಮೇಲಿನ ಟ್ಯಾಂಕು, ಸೈಲೆನ್ಸರ್ ಪೈಪು, ಬ್ರೇಕ್ ಪೈಪು ಎಲ್ಲಕ್ಕೂ ಎಷ್ಟು ಜಾಗ ಉಳಿಯುತ್ತೆ ಅಂತ ಅಳೆದು, ಅದರಲ್ಲಿ ಒಂದು ಇಂಚು ಕಳೆದು ರಟ್ಟಿನಲ್ಲಿ ಕತ್ತರಿಸಿಕೊಳ್ಳಿ. ರಟ್ಟು ಸರಿಯಾಗಿ ಕೂತ ಮೇಲೆ ಪ್ಲೇಟು ಕತ್ತರಿಸಲಿ. ಬ್ರೀದರ್ ತೂತು (ಹೌಸಿಂಗಿನ ಒಳಗಿನ ಗಾಳಿ ಹೊರಹೋಗುವ ತೂತು) ಟ್ರಸ್ಸಿನ ಅಡಿಗೆ ಸಿಕ್ಕಿಹಾಕಿಕೊಳ್ಳದ ಹಾಗೆ ನೋಡಿಕೊಳ್ಳಿ. ಅದು ಮುಚ್ಚಿದರೆ ಎಷ್ಟು ಹೊಸ ಸೀಲು ಹಾಕಿದರೂ ಆಯಿಲ್ ಹೊರಗೇ ಬರುತ್ತೆ.