ಕೊಲೆಗಾರ ಸಿಗದ ಥ್ರಿಲ್ಲರ್ ಅಪೂರ್ಣವೇ? ‘ಸೆವೆನ್’, ‘ಝೋಡಿಯಾಕ್’ ಕುರಿತು ಒಂದು ಪ್ರಶ್ನೆ

ಮಲೆನಾಡಿಗ:
ಡೇವಿಡ್ ಫಿಂಚರ್ ನಿರ್ದೇಶನದ ‘ಸೆವೆನ್’ (1995) ಮತ್ತು ‘ಝೋಡಿಯಾಕ್’ (2007) ಚಿತ್ರಗಳನ್ನು ನಾನೂ ನನ್ನ ತಂಗಿಯೂ ಎರಡು ರಾತ್ರಿ ಕುಳಿತು ನೋಡಿದೆವು. ಕಲ್ಪಿತ ಸರಣಿ ಕೊಲೆಗಾರನೊಬ್ಬನ ಕಥೆಯಾದ ಮೊದಲನೆಯದು ಮುಗಿದ ಮೇಲೆ ಬಹಳ ಹೊತ್ತು ನನಗೆ ಮಾತೇ ಹೊರಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತನ್ನನ್ನು ‘ಝೋಡಿಯಾಕ್’ ಎಂದು ಕರೆದುಕೊಂಡ ನಿಜವಾದ ಕೊಲೆಗಾರನ ಕುರಿತ ಎರಡನೆಯದು ಎರಡೂವರೆ ಗಂಟೆಗೂ ಮೀರಿ ನಡೆದು, ಕೊಲೆಗಾರ ಇವನೇ ಎಂದು ಸಾಬೀತಾಗದೆ ಮುಗಿದಾಗ ನಿರಾಸೆಯಾಯಿತು. ತಂಗಿಯ ಅಭಿಪ್ರಾಯ ಇದಕ್ಕೆ ತೀರ ವಿರುದ್ಧ. ಫಿಂಚರ್ ಪಕ್ವವಾದದ್ದು ಎರಡನೆಯದರಲ್ಲಿ ಎನ್ನುತ್ತಾಳೆ. ಅಪರಾಧಿ ಸಿಗದ ಪತ್ತೇದಾರಿ ಕಥೆಯನ್ನು ಮೆಚ್ಚುವವರು ಅದರಲ್ಲಿ ಏನನ್ನು ಕಾಣುತ್ತೀರಿ? ಮುಕ್ತಾಯಗಳ ಪ್ರಸ್ತಾಪ ಅನಿವಾರ್ಯವಾದ್ದರಿಂದ ಚಿತ್ರಗಳನ್ನು ನೋಡದವರು ಮುಂದೆ ಓದದಿರುವುದು ಒಳ್ಳೆಯದು.

ಹಳೇ ಟಾಕೀಸ್:
ನಾನು ನಿಮ್ಮ ಪಕ್ಷ. ‘ಸೆವೆನ್’ನಲ್ಲಿ ಹಿಂಸೆ ವಿಪರೀತ ಎಂಬ ದೂರನ್ನು ಆಗಾಗ ಕೇಳುತ್ತೇನೆ, ಆದರೆ ಕೊನೆಯ ಗುಂಡೇಟನ್ನು ಬಿಟ್ಟರೆ ಅದರ ಒಂದು ಕೊಲೆಯೂ ನಮ್ಮ ಕಣ್ಣೆದುರು ನಡೆಯುವುದಿಲ್ಲ, ಪೊಲೀಸರಂತೆ ನಾವೂ ಎಲ್ಲ ಮುಗಿದ ಮೇಲೆ ಆ ಕೋಣೆಗಳಿಗೆ ಕಾಲಿಡುತ್ತೇವೆ. ಫಿಲ್ಮ್ ಸಂಸ್ಕರಿಸುವಾಗ ಕೆಲವು ಪ್ರಿಂಟುಗಳಲ್ಲಿ ಬೆಳ್ಳಿಯ ಅಂಶವನ್ನು ತೊಳೆದು ತೆಗೆಯದೆ ಉಳಿಸಿಕೊಂಡದ್ದರಿಂದ ಕಪ್ಪು ಇನ್ನಷ್ಟು ದಟ್ಟವಾಯಿತು ಎಂಬುದು ತಾಂತ್ರಿಕ ಸಂಗತಿ. ಅದಕ್ಕಿಂತ ನನ್ನನ್ನು ಕಾಡುವುದು ಬೇರೆ: ಹೆಸರಿಲ್ಲದ ಆ ನಗರದಲ್ಲಿ ಮಳೆ ಬಿಡುವುದೇ ಅಪರೂಪವಾಗಿರುವಾಗ, ಅತ್ಯಂತ ಘೋರವಾದದ್ದು ಬಯಲಾಗುವುದು ಮಾತ್ರ ಊರಾಚೆಯ ಬಟ್ಟಬಯಲಿನಲ್ಲಿ, ವಿದ್ಯುತ್ ಗೋಪುರಗಳ ನಡುವೆ, ಹಗಲು ಬಿಸಿಲಿನಲ್ಲಿ. ಅಲ್ಲಿಗೆ ಬಂದು ತಲುಪುವ ಪೆಟ್ಟಿಗೆಯೊಳಗನ್ನು ಒಮ್ಮೆಯೂ ತೋರಿಸದೆ, ಪತ್ತೇದಾರನಾಗಿ ನಟಿಸಿದ ಮಾರ್ಗನ್ ಫ್ರೀಮನ್ ಅವರ ಮುಖದಿಂದಲೇ ಎಲ್ಲವನ್ನೂ ತಿಳಿಸುವ ಸಂಯಮ ‘ಝೋಡಿಯಾಕ್’ನ ಕಡತಗಳ ರಾಶಿಯಲ್ಲಿ ನನಗೆ ಸಿಗಲಿಲ್ಲ.

ಇಳಿಸಂಜೆ:
ಹಳೇ ಟಾಕೀಸ್ ಅವರೇ, ಸಂಯಮದ ಮಾತನ್ನು ಒಪ್ಪುತ್ತೇನೆ. ನನ್ನ ತಕರಾರು ಕೊಲೆಗಾರನಿಗೆ ಸಿಗುವ ಗೌರವದ ಬಗ್ಗೆ. ‘ಸೆವೆನ್’ನಲ್ಲಿ ಅವನು ಹಾಕಿದ ಲೆಕ್ಕದಂತೆಯೇ ಎಲ್ಲವೂ ನಡೆಯುತ್ತದೆ, ಕೊನೆಯ ಗುಂಡು ಕೂಡ ಅವನು ಬಯಸಿದ್ದೇ. ನಿಜ ಜೀವನದ ಕೊಲೆಗಾರರಿಗೆ ಅಂಥ ಮೇಧಾಶಕ್ತಿ ಬೇಕಿಲ್ಲ. ‘ಝೋಡಿಯಾಕ್’ ತೋರಿಸುವಂತೆ, ವಲ್ಲೆಹೊ, ನಾಪಾ, ಸ್ಯಾನ್ ಫ್ರಾನ್ಸಿಸ್ಕೊ ಪೊಲೀಸರ ಕೈಯಲ್ಲಿ ಸಾಕ್ಷ್ಯಗಳು ಹರಿದುಹಂಚಿ ಹೋಗಿದ್ದರೆ ಅಷ್ಟೇ ಸಾಕು. ಬೆರ್ರಿಯೆಸ್ಸಾ ಸರೋವರದ ದಂಡೆಯಲ್ಲಿ ಹಾಡಹಗಲೇ ನಡೆಯುವ ಇರಿತಕ್ಕೆ ಯಾವ ಅರ್ಥವೂ ಇಲ್ಲ, ಹಾಗಾಗಿಯೇ ಅದನ್ನು ನೋಡುವುದು ಅಷ್ಟು ಕಷ್ಟ. ಫಿಂಚರ್ ಬಾಲ್ಯ ಕಳೆದದ್ದು ಅದೇ ಸೀಮೆಯ ಮರಿನ್ ಕೌಂಟಿಯಲ್ಲಿ. ಶಾಲಾ ಬಸ್ಸಿನ ಮಕ್ಕಳನ್ನು ಕೊಲ್ಲುವುದಾಗಿ ಝೋಡಿಯಾಕ್ ಬೆದರಿಸಿದ ದಿನಗಳಲ್ಲಿ ತಮ್ಮ ಬಸ್ಸಿನ ಹಿಂದೆ ಪೊಲೀಸರು ಬರುತ್ತಿದ್ದುದನ್ನು ಅವರು ನೆನಪಿಸಿಕೊಂಡಿದ್ದಾರೆ. ಚಿತ್ರದ ನಾಯಕನಾದ ವ್ಯಂಗ್ಯಚಿತ್ರಕಾರ ಮನೆ ಮಠ ಮರೆತು ಆ ಕಡತಗಳಲ್ಲಿ ಮುಳುಗುವುದನ್ನು ಅವರು ಅಷ್ಟು ತಾಳ್ಮೆಯಿಂದ ಚಿತ್ರಿಸಿದ್ದು ನನಗೆ ಆಕಸ್ಮಿಕವೆನಿಸುವುದಿಲ್ಲ.

ಭತ್ತದ ಗದ್ದೆ:
ಈ ಚರ್ಚೆಗೆ ಬಾಂಗ್ ಜೂನ್-ಹೊ ಅವರ ‘ಮೆಮೊರೀಸ್ ಆಫ್ ಮರ್ಡರ್’ (2003) ಬರಲೇಬೇಕು. 1986ರಿಂದ 1991ರವರೆಗೆ ದಕ್ಷಿಣ ಕೊರಿಯಾದ ಹ್ವಾಸೊಂಗ್ ಪ್ರದೇಶದಲ್ಲಿ ನಡೆದ ಸರಣಿ ಕೊಲೆಗಳೇ ಅದರ ಆಧಾರ, ಚಿತ್ರ ಬಂದಾಗ ಅಪರಾಧಿ ಪತ್ತೆಯಾಗಿರಲಿಲ್ಲ. ಅಲ್ಲಿನ ಕತ್ತಲು ಶವಗಳು ಸಿಗುವ ಗದ್ದೆಗಿಂತ ಹೆಚ್ಚಾಗಿ ಪೊಲೀಸ್ ಠಾಣೆಯಲ್ಲಿದೆ: ಬುದ್ಧಿ ಬೆಳೆಯದ ಹುಡುಗನನ್ನು ಹೊಡೆದು ತಪ್ಪೊಪ್ಪಿಸುವವರು, ಹೆಚ್ಚುವರಿ ಪಡೆ ಬೇಕೆಂದು ಕೇಳಿದ ರಾತ್ರಿ ಅದು ಪ್ರತಿಭಟನೆ ಹತ್ತಿಕ್ಕಲು ಹೋಗಿದೆ ಎಂಬ ಉತ್ತರ. 2019ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ನಿಜವಾದ ಅಪರಾಧಿ ಗೊತ್ತಾದಾಗ ಆತ ಬೇರೊಂದು ಕೊಲೆಗಾಗಿ ಅದಾಗಲೇ ಜೀವಾವಧಿ ಶಿಕ್ಷೆಯಲ್ಲಿದ್ದ. ಕಾನೂನಿನ ಕಾಲಮಿತಿ ಮುಗಿದಿದ್ದರಿಂದ ಈ ಕೊಲೆಗಳಿಗಾಗಿ ವಿಚಾರಣೆ ಸಾಧ್ಯವಾಗಲಿಲ್ಲ. ಇವುಗಳಲ್ಲೊಂದಕ್ಕಾಗಿ ಸುಮಾರು 20 ವರ್ಷ ಸೆರೆಯಲ್ಲಿದ್ದ ಮತ್ತೊಬ್ಬರು ನಿರಪರಾಧಿಯೆಂದು 2020ರಲ್ಲಿ ನ್ಯಾಯಾಲಯ ಸಾರಿತು. ಮಲೆನಾಡಿಗರೇ, ನೀವು ಬಯಸುವ ಉತ್ತರ ಇಲ್ಲಿ ಕೊನೆಗೂ ಸಿಕ್ಕಿತು, ಆದರೆ ನನ್ನ ಮನಸ್ಸು ಹಗುರಾಗಲಿಲ್ಲ.

ಹಳೇ ಟಾಕೀಸ್:
ಆ ಚಿತ್ರದ ಹಿರಿಮೆಯ ಬಗ್ಗೆ ನನ್ನ ಭಿನ್ನಾಭಿಪ್ರಾಯವಿಲ್ಲ. ಆದರೂ ನಡೆದ ಘಟನೆಗೆ ನಿಷ್ಠವಾಗಿರುವುದು ಬೇರೆ, ಕಲ್ಪಿತ ಕಥೆಯೊಂದನ್ನು ಕಟ್ಟಿ ಅದರ ತುದಿಯವರೆಗೂ ಅಂಜದೆ ಹೋಗುವುದು ಬೇರೆ. ಎರಡನೆಯದನ್ನು ಕೀಳೆಂದು ಒಪ್ಪಲಾರೆ.

ಮಲೆನಾಡಿಗ:
ಎಲ್ಲರಿಗೂ ಧನ್ಯವಾದಗಳು. ಸರೋವರದ ದೃಶ್ಯ ಬಂದಾಗ ನಾನು ಮುಖ ತಿರುಗಿಸಿಕೊಂಡಿದ್ದೆ, ಅದು ಚಿತ್ರದ ದೋಷವೆಂದೇ ಇಷ್ಟು ದಿನ ತಿಳಿದಿದ್ದೆ. ಬಾಂಗ್ ಅವರ ಚಿತ್ರವನ್ನು ನೋಡಿಲ್ಲ. ಭಾನುವಾರ ತಂಗಿಯೊಂದಿಗೆ ನೋಡಿ ಇಲ್ಲಿಯೇ ಬರೆಯುತ್ತೇನೆ.