ಕತ್ತಿಯೂ ಮಂತ್ರವೂ ಇರುವ ಕ್ಲಾಸ್: ಫೈಟರ್ ಮುನಿಸಿಕೊಳ್ಳದ ಹಾಗೆ ಮಾಡುವುದು ಹೇಗೆ?

ಪ್ರಶ್ನೆ: ನಾವು ಡಿ ಅಂಡ್ ಡಿ ಆಡುತ್ತೇವೆ, ಅಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಒಬ್ಬೊಬ್ಬರೂ ಒಂದು ಪಾತ್ರವಾಗಿ ಡೈಸ್ ಉರುಳಿಸಿ ಆಡುವ ಆಟ. ಅದಕ್ಕೆ ಕತ್ತಿ-ಮಂತ್ರದ ಕ್ಲಾಸ್ (ಪಾತ್ರದ ಬಗೆ) ಒಂದನ್ನು ನಾನೇ ಬರೆಯುತ್ತಿದ್ದೇನೆ. ಎರಡು ಸಲ ಆಡಿಸಿದೆ. ಫೈಟರ್ (ಆಯುಧ ಹಿಡಿದು ಹೋರಾಡುವ ಕ್ಲಾಸ್) ಆಡುವ ಗೆಳೆಯ "ಹಾಗಾದ್ರೆ ನಾನ್ಯಾಕೆ ಇಲ್ಲಿ?" ಅಂದ. ಶಕ್ತಿ ಇಳಿಸಿದರೆ ಹೊಸ ಕ್ಲಾಸ್ ಆಡುವವನಿಗೆ ಬೇಜಾರು. ನೀವೇನು ಮಾಡಿದಿರಿ?

ಉತ್ತರ: ನಾನೂ ಇದೇ ಹಳ್ಳಕ್ಕೆ ಬಿದ್ದವನು. ಫೈಟರ್‌ನಿಂದ ಅರ್ಧ, ಮಂತ್ರಗಾರ ವಿಝಾರ್ಡ್‌ನಿಂದ ಅರ್ಧ ತಂದು ಹೊಲಿದೆ. ಕತ್ತಿ ಬೀಸಿದರೆ ಫೈಟರ್‌ಗಿಂತ ಸಪ್ಪೆ, ಮಂತ್ರ ಹಾಕಿದರೆ ವಿಝಾರ್ಡ್‌ಗಿಂತ ಸಪ್ಪೆ. ಆಮೇಲೆ ಇಂಥದೇ ಇನ್ನೊಂದು ಆಟವಾದ ಪಾತ್‌ಫೈಂಡರ್ ಎರಡನೇ ಆವೃತ್ತಿಯ ಕತ್ತಿ-ಮಂತ್ರದ ಕ್ಲಾಸ್ ಮೇಗಸ್ ನೋಡಿದೆ. ಅದರ ಸ್ಪೆಲ್‌ಸ್ಟ್ರೈಕ್‌ನಲ್ಲಿ ಮಂತ್ರವನ್ನು ಕತ್ತಿಗೇ ಏರಿಸಿ ಹೊಡೆಯುವುದು. ಒಂದೇ ಡೈಸ್, ಎರಡಕ್ಕೂ ಅದೇ ತೀರ್ಪು. ಟರ್ನ್‌ನ 3 ಆಕ್ಷನ್‌ಗಳಲ್ಲಿ 2 ಅದಕ್ಕೇ ಹೋಗುತ್ತವೆ, ಮತ್ತೆ ಬಳಸುವ ಮೊದಲು ರೀಚಾರ್ಜ್‌ಗೆ 1. ಇದನ್ನೇ ಎತ್ತಿಕೊಂಡೆ. ಮುಂದಿನ ವಾರ ನಮ್ಮ ಮೇಗಸ್ ಓಗರ್ ಅನ್ನುವ ರಾಕ್ಷಸನಿಗೆ ದೊಡ್ಡ ಏಟು ಕೊಟ್ಟ, ಓಗರ್ ಸಾಯಲಿಲ್ಲ. ಓಡುವುದೋ, ರೀಚಾರ್ಜ್ ಮಾಡುವುದೋ? ಅವನು ಕೈ ಹಿಸುಕುತ್ತಾ ಕೂತಿದ್ದಾಗ ಫೈಟರ್ ಅಡ್ಡ ಬಂದು ನಿಂತ. ಯಾರ ಕೆಲಸ ಯಾವುದು ಅಂತ ಆಗ ಎಲ್ಲರಿಗೂ ಕಾಣಿಸಿತು.

ಉತ್ತರ: ಒಂದು ಟರ್ನ್‌ಗೆ ಎಷ್ಟು ಸಲ ಅನ್ನುವುದನ್ನು ಮೊದಲು ನೋಡಿ. ಡಿ ಅಂಡ್ ಡಿಯ 2014ರ ನಿಯಮದಲ್ಲಿ ಪ್ಯಾಲಡಿನ್ (ಧರ್ಮಯೋಧ) ಏಟು ತಾಗಿದ ಮೇಲೆ ಸ್ಮೈಟ್ ಸೇರಿಸಬಹುದಿತ್ತು, ಅಂದರೆ ಸ್ಲಾಟ್ (ದಿನಕ್ಕೆ ಇಷ್ಟೇ ಅಂತ ಸಿಗುವ ಮಂತ್ರಬಲ) ಒಂದನ್ನು ಖರ್ಚು ಮಾಡಿ ಹೆಚ್ಚಿನ ಪೆಟ್ಟು. ಐದನೇ ಲೆವೆಲ್‌ನಲ್ಲಿ ಎರಡು ಏಟು, ಎರಡಕ್ಕೂ ಸ್ಮೈಟ್. ಕ್ರಿಟ್ (ಡೈಸಿನಲ್ಲಿ 20) ಬಿದ್ದರೆ ಸ್ಮೈಟ್ ಡೈಸೂ ಡಬಲ್. ನಾನು ಮೂರು ವಾರ ಕೂತು ಬರೆದ ಬಾಸ್ ಟೀ ಆರುವ ಮೊದಲೇ ಸತ್ತ! 2024ರ ನಿಯಮದಲ್ಲಿ ಸ್ಮೈಟ್ ಬೋನಸ್ ಆಕ್ಷನ್ (ಟರ್ನ್‌ಗೆ ಒಂದೇ ಸಿಗುವ ಹೆಚ್ಚುವರಿ ಆಕ್ಷನ್) ತಿನ್ನುವ ಮಂತ್ರವಾಗಿದೆ, ಹಾಗಾಗಿ ಟರ್ನ್‌ಗೆ ಒಂದೇ. ಇನ್ನೊಂದು ಮಾತು. ದಿನಕ್ಕೆ ಒಂದೇ ಜಗಳ ಇಟ್ಟರೆ ಸ್ಲಾಟ್ ಇರುವವನು ಎಲ್ಲವನ್ನೂ ಅಲ್ಲೇ ಸುರಿಯುತ್ತಾನೆ. ಮೂರ್ನಾಲ್ಕು ಇಡಿ, ಆಗ ಫೈಟರ್ ಬೆಲೆ ಗೊತ್ತಾಗುತ್ತದೆ.

ಉತ್ತರ: ಹಳಬನ ಮಾತು. 1981ರ ಡಿ ಅಂಡ್ ಡಿ ಬೇಸಿಕ್ ಆಟದಲ್ಲಿ ಎಲ್ಫ್ ಅನ್ನುವುದೇ ಒಂದು ಕ್ಲಾಸ್, ಕತ್ತಿಯೂ ಮಂತ್ರವೂ ಎರಡೂ ಇತ್ತು. ಆದರೆ ಎರಡನೇ ಲೆವೆಲ್‌ಗೆ 4,000 ಎಕ್ಸ್‌ಪಿ (ಅನುಭವದ ಅಂಕ) ಬೇಕು. ಫೈಟರ್‌ಗೆ 2,000 ಸಾಕು. ತಾಳ್ಮೆ ಇದ್ದವನು ಮಾತ್ರ ಆರಿಸಿಕೊಳ್ಳುತ್ತಿದ್ದ. ನನಗಂತೂ ಇದೇ ಇಷ್ಟ.

ಕೇಳಿದವರು: ತಿಂಗಳಿಗೊಮ್ಮೆ ಸೇರುವ ನಮಗೆ ಅಷ್ಟು ಕಾಯುವುದು ಕಷ್ಟ ಅಲ್ವಾ. ರೀಚಾರ್ಜ್ ಹಾಕಿ ಈ ಭಾನುವಾರ ಆಡಿಸುತ್ತೇನೆ. ಆ ಶೀಟನ್ನು ಫೈಟರ್ ಗೆಳೆಯನ ಕೈಗೇ ಕೊಡುತ್ತೇನೆ.