ಜಿಲ್ಲಾ ಮಟ್ಟದ ಸಂಗೀತ ಪ್ರಶಸ್ತಿಯನ್ನು ಉತ್ತರ ಕರ್ನಾಟಕಕ್ಕೆಲ್ಲ ವಿಸ್ತರಿಸುವುದು ಹೇಗೆ?

ಸುಸ್ವರ_ಗದಗ
ನಮಸ್ಕಾರ. ನಮ್ಮ ಸಂಘದ ಪ್ರಶಸ್ತಿ ಈವರೆಗೆ ಒಂದೇ ಜಿಲ್ಲೆಯದು. ಮುಂದಿನ ಸಲ ಏಳು ಜಿಲ್ಲೆಗಳಿಂದ ಭಾವಗೀತೆ, ಜಾನಪದ, ಸ್ವತಂತ್ರ ಆಲ್ಬಂ ಕರೆಯುತ್ತಿದ್ದೇವೆ. ಸುಮಾರು 240 ಹಾಡು ಬರಬಹುದು. ತೀರ್ಪುಗಾರರು ಮೂವರೇ ಸಾಕೇ? 20 ಪ್ರಶಸ್ತಿ ಒಂದು ಸಂಜೆಯಲ್ಲಿ ಮುಗಿಯುತ್ತದೆಯೇ? ವೇದಿಕೆಯಲ್ಲಿ ಹಾಡಿಸಲು ಯಾರ ಅನುಮತಿ ಬೇಕು?

ಶ್ರುತಿಬದ್ಧ
ಮೂವರು ಸಾಲದು. ಹಾಡಿಗೆ 4 ನಿಮಿಷ ಎಂದರೂ 240ಕ್ಕೆ 16 ಗಂಟೆ. ಅಷ್ಟನ್ನೂ ಒಬ್ಬರೇ ಕೇಳಿದರೆ ಕೊನೆಯ ನೂರು ಹಾಡಿಗೆ ನ್ಯಾಯ ಸಿಗುವುದಿಲ್ಲ. 12 ಮಂದಿಯನ್ನು ಗೊತ್ತುಮಾಡಿ, ಪ್ರತಿ ಹಾಡನ್ನೂ ಮೂವರು ಕೇಳಲಿ. ಆಗ ಒಬ್ಬರ ಪಾಲಿಗೆ 60 ಹಾಡು, 4 ಗಂಟೆ. 15 ಹಾಡಿಗೊಮ್ಮೆ ಬಿಡುವು ಕೊಡಿ, ಕೇಳುವ ಅನುಕ್ರಮ ಒಬ್ಬೊಬ್ಬರಿಗೆ ಒಂದೊಂದಿರಲಿ.

ಅಂಕಗಳನ್ನು ಹಾಗೇ ಕೂಡಬೇಡಿ. ಒಬ್ಬರು 10ಕ್ಕೆ 8ರ ಕೆಳಗೆ ಇಳಿಯುವುದಿಲ್ಲ, ಇನ್ನೊಬ್ಬರು 6ರ ಮೇಲೆ ಏರುವುದಿಲ್ಲ. ಹಾಡು ಯಾರ ಪಾಲಿಗೆ ಬಿತ್ತೆಂಬುದೇ ಫಲಿತಾಂಶವಾಗಿಬಿಡುತ್ತದೆ. ಪ್ರತಿ ಅಂಕದಿಂದ ಆ ತೀರ್ಪುಗಾರರ ಸರಾಸರಿ ಕಳೆದು, ಅವರ ಅಂಕಗಳ ಮಾನಕ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎಂಬ ಅಳತೆ) ಭಾಗಿಸಿ. ಎಕ್ಸೆಲ್‌ನಲ್ಲಿ ಎರಡು ಸೂತ್ರದ ಕೆಲಸ. ಅಂತಿಮ ಸುತ್ತಿಗೆ ಉಳಿದ ಹಾಡುಗಳನ್ನು ಎಲ್ಲರೂ ಒಟ್ಟಿಗೆ ಕೂತು ಕೇಳಲಿ.

ಫೈಲುಗಳಿಂದ ಹೆಸರು ತೆಗೆದು ಸಂಖ್ಯೆ ಕೊಡಿ, ಎಲ್ಲವನ್ನೂ ಒಂದೇ ಜೋರಿಗೆ, ಅಂದರೆ -16 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತನ್ನಿ. ಜೋರಾಗಿ ಮಾಸ್ಟರ್ ಮಾಡಿದ ಹಾಡೇ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ, ಪರಿಣತರ ಕಿವಿಗೂ.

ತುಂತುಣಿ
ಲೆಕ್ಕ ಸರಿ ಅದ ರೀ. ಆದ್ರ ಆನ್‌ಲೈನ್ ಅರ್ಜಿ ಒಂದ ಇಟ್ರ ಸ್ಟುಡಿಯೋದಾಗ ಹಾಡಿದವರು ಅಷ್ಟ ಬರ್ತಾರ. ಗೀಗೀ ಮೇಳ, ಚೌಡಕಿ ಪದ, ತತ್ವಪದ, ಮೊಹರಂ ರಿವಾಯತ ಹಾಡೋರು ಹೊರಗ ಉಳೀತಾರ. ಇವರನ್ನ ಬಿಟ್ಟು ಏಳು ಜಿಲ್ಲಾದ ಪ್ರಶಸ್ತಿ ಅನ್ನೂದು ತಪ್ಪು. ತಾಲೂಕಿಗೆ ಇಬ್ಬರನ್ನ ಕಳಸ್ರಿ, ಮೇಳದವರ ಊರಿಗೇ ಹೋಗಿ ರೆಕಾರ್ಡ್ ಮಾಡ್ಕೊಂಡು ಬರಲಿ. ದಪ್ಪಿನ (ಚರ್ಮವಾದ್ಯ) ಸದ್ದಿನಾಗ ಒಂಟಿ ತಂತಿಯ ತುಂತುಣಿ ಮುಳುಗಿ ಹೋಗ್ತದ. ರೆಕಾರ್ಡರ್ ಹಾಡೋರ ಮುಂದ ನಾಕು ಅಡಿಗೆ ಇಟ್ಟು, ದಪ್ಪಿನವರನ್ನ ಎರಡು ಹೆಜ್ಜಿ ಹಿಂದ ನಿಲ್ಲಸ್ರಿ. ತಗಡಿನ ಶೆಡ್ ಬ್ಯಾಡ, ಗುಡಿ ಕಟ್ಟಿ ಛಲೋ. ಇವಕ್ಕ 4 ನಿಮಿಷದ ಮಿತಿ ಹಾಕಬ್ಯಾಡ್ರಿ, ಹಾಡಿನಾಗ ಪ್ರಶ್ನೆ-ಉತ್ತರ ನಡಸೋ ಸವಾಲ್-ಜವಾಬ್ ಬಿಚ್ಚಿಕೊಳ್ಳಾಕ 10 ನಿಮಿಷರ ಬೇಕು. ತೀರ್ಪುಗಾರರ ತಾಸು ಆ ಪ್ರಕಾರ ಹೆಚ್ಚಸ್ರಿ.

ರಂಗಸಜ್ಜು
ಹೆಸರು ಕೂಗಿ, ಮೆಟ್ಟಿಲು ಹತ್ತಿ, ಶಾಲು, ಸ್ಮರಣಿಕೆ, ಫೋಟೊ, ಎರಡು ಮಾತು: ಪ್ರಶಸ್ತಿಗೆ 4 ನಿಮಿಷದಂತೆ 80. ಆರು ಹಾಡಿಗೆ ತಲಾ 6, ವಾದ್ಯ ಬದಲಿಸಲು 3: ಅದು 54. ಭಾಷಣಕ್ಕೆ 30. ನಾಡಗೀತೆ ಈಗ 2 ನಿಮಿಷ 30 ಸೆಕೆಂಡಿಗೆ ನಿಗದಿಯಾಗಿದೆ. ದೀಪ ಬೆಳಗುವುದೂ ಸೇರಿ 10. ಒಟ್ಟು 174 ನಿಮಿಷ, ಅತಿಥಿಗಳು ಸಮಯಕ್ಕೆ ಬಂದರೆ. ಬಯಲಿನಲ್ಲಾದರೆ ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮಗಳ ತಡೆಯಿದೆ, ಹಾಗಾಗಿ 6ಕ್ಕೇ ಶುರುಮಾಡಿ.

ನನ್ನ ಕೇಳಿದರೆ 12 ಪ್ರಶಸ್ತಿ ಸಾಕು. ಸಂಖ್ಯೆಗಿಂತ ಕೇಳುಗರನ್ನು ಕಟ್ಟುವುದು ಮುಖ್ಯ. ಆಸ್ಟ್ರೇಲಿಯಾದ ಟ್ಯಾಮ್‌ವರ್ತ್ ಎಂಬ ಸಣ್ಣ ಪಟ್ಟಣದಲ್ಲಿ 2ಟಿಎಂ ಎಂಬ ಸ್ಥಳೀಯ ರೇಡಿಯೋ ಕೇಂದ್ರ 1973ರಲ್ಲಿ ಕಂಟ್ರಿ ಸಂಗೀತಕ್ಕೆ ‘ಗೋಲ್ಡನ್ ಗಿಟಾರ್’ ಪ್ರಶಸ್ತಿ ಕೊಡತೊಡಗಿತು. ಕೇಳುಗರನ್ನು ಅದಕ್ಕೂ ಮೊದಲೇ ತನ್ನ ರಾತ್ರಿ ಕಾರ್ಯಕ್ರಮದಿಂದ ಕಟ್ಟಿಕೊಂಡಿತ್ತು. ಇಂದು ಅದರ ಸುತ್ತ ಹತ್ತು ದಿನಗಳ ಉತ್ಸವವೇ ನಡೆಯುತ್ತದೆ. ನೀವೂ ಅಂತಿಮ ಸುತ್ತಿನ ಹಾಡುಗಳನ್ನು ಸಮಾರಂಭಕ್ಕೆ ತಿಂಗಳು ಮುಂಚೆಯೇ ಸಮುದಾಯ ರೇಡಿಯೋದಲ್ಲಿ ಕೇಳಿಸಿ.

ಸುಸ್ವರ_ಗದಗ
ಎಲ್ಲರಿಗೂ ಧನ್ಯವಾದ. ಶರೀಫರ ತತ್ವಪದ ಹಾಡಿಸಲೂ ಅನುಮತಿ ಬೇಕೇ?

ಹಕ್ಕುಪತ್ರ
ಪದಕ್ಕೆ ಬೇಡ, ಧಾಟಿಗೆ ಬೇಕಾಗಬಹುದು. ಶರೀಫರು ತೀರಿಕೊಂಡದ್ದು 1889ರಲ್ಲಿ. ಆದರೆ ಆ ಪದಗಳಿಗೆ ರಾಗ ಹಾಕಿದ ಸಿ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ. ನಮ್ಮ ಕಾಯಿದೆಯಲ್ಲಿ ಹಕ್ಕು ಮರಣಾನಂತರ 60 ವರ್ಷ ಇರುವುದರಿಂದ ಅವರ ಸಂಯೋಜನೆಗಳಿಗೆ 2069ರ ಕೊನೆವರೆಗೆ ರಕ್ಷಣೆಯಿದೆ. ಬೇಂದ್ರೆಯವರ ಕವಿತೆಗಳಿಗೆ 2041ರವರೆಗೆ. ವೇದಿಕೆಯಲ್ಲಿ ಹಾಡಿಸಲು ಕವಿ, ಸಂಯೋಜಕರ ಹಕ್ಕು ನೋಡಿಕೊಳ್ಳುವ ಸಂಘವಾದ ಐಪಿಆರ್‌ಎಸ್ ಪರವಾನಗಿ ನೋಡಿ. ಕವಿ ಅದರ ಸದಸ್ಯರಲ್ಲದಿದ್ದರೆ ವಾರಸುದಾರರಿಗೆ ಪತ್ರ ಬರೆಯಿರಿ. ಟ್ರ್ಯಾಕ್ ಹಾಕಿ ಹಾಡಿದರೆ ಧ್ವನಿಮುದ್ರಿಕೆಯ ಹಕ್ಕೂ ಸೇರುತ್ತದೆ: ಆಡಿಯೋ ಕಂಪನಿ ಅಥವಾ ಅವುಗಳ ಪರವಾಗಿ ಪರವಾನಗಿ ಕೊಡುವ ಪಿಪಿಎಲ್. ಸಮಾರಂಭದ ವಿಡಿಯೋ ಯೂಟ್ಯೂಬಿಗೆ ಹಾಕುವುದು ಇದ್ಯಾವುದರಲ್ಲೂ ತಾನಾಗಿ ಸೇರುವುದಿಲ್ಲ, ಅದನ್ನು ಬೇರೆಯಾಗಿ ಬರೆಸಿಕೊಳ್ಳಿ.